ಶೀಟು ಗೋಡೆಗೆ ಸೇರುವ ಕಡೆ ಸೋರುತ್ತಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಶೀಟು ಹೊಸದು. ಒಂದು ತೂತೂ ಇಲ್ಲ. ಆದರೂ ಮಳೆ ಬಂದರೆ ಗೋಡೆ ಪಕ್ಕದಲ್ಲಿ ಬಕೆಟ್ ಇಡಬೇಕು. ಟೆರೇಸ್ ಮೇಲೆ ಶೀಟು ಹೊದಿಸಿ ಮೆಟ್ಟಿಲು ಕೋಣೆಯ ಗೋಡೆಗೆ ತಾಗಿಸಿದವರದ್ದೂ, ಹಳೇ ಮನೆಯ ಹಿಂಬದಿಗೆ ಬಚ್ಚಲಿಗೋ ಸೌದೆ ಕೊಟ್ಟಿಗೆಗೋ ಮಾಡು ಇಳಿಸಿದವರದ್ದೂ ಇದೇ ದೂರು.

ನಮ್ಮ ಮನೆಯಲ್ಲೂ ಮೂರು ಮಳೆಗಾಲ ಹೀಗೇ ನಡೆಯಿತು. ಪ್ರತಿ ಮೇ ತಿಂಗಳಿಗೆ ಎರಡು ಸಿಲಿಕಾನ್ ಟ್ಯೂಬ್, ಪ್ರತಿ ಜುಲೈಗೆ ಬಕೆಟ್. ನಾಲ್ಕನೇ ವರ್ಷ ಗೋಡೆ ಬದಿಯ ತಗಡನ್ನು ಪೂರ್ತಿ ಕೀಳಿಸಿದೆ. ಅದು ಗೋಡೆಯೊಳಗೆ ಹೋಗೇ ಇರಲಿಲ್ಲ. ಪ್ಲಾಸ್ಟರ್ ಮೇಲೆ ಸುಮ್ನೆ ಒರಗಿಸಿ, ನಾಲ್ಕು ಸ್ಕ್ರೂ ಹೊಡೆದು, ಮೇಲೆ ಸಿಲಿಕಾನ್ ಎಳೆದಿದ್ದರು. ಎಳೆದರೆ ಆ ಸಿಲಿಕಾನ್ ಹಾವಿನ ಪೊರೆಯ ಹಾಗೆ ಒಂದೇ ಉದ್ದಕ್ಕೆ ಬಿಚ್ಚಿಕೊಂಡು ಬಂತು.

ಅಲ್ಲಿ ಏನಿರಬೇಕು

ಎರಡು ತಗಡು ಇರಬೇಕು. ಕೆಳಗಿನದ್ದು ಮಾಡಿಗೆ ಸೇರಿದ್ದು. ಶೀಟಿನ ಮೇಲೆ ಕೂತು, ಗೋಡೆಗೆ ಒರಗಿ ಕನಿಷ್ಠ 6 ಇಂಚು ಮೇಲಕ್ಕೆ ಎದ್ದಿರುತ್ತದೆ. ಮೇಲಿನದ್ದು ಗೋಡೆಗೆ ಸೇರಿದ್ದು. ಇದಕ್ಕೇ ಕೌಂಟರ್ ಫ್ಲಾಶಿಂಗ್ ಅನ್ನುವುದು. ಇದರ ಮೇಲಂಚು ಗೋಡೆಯಲ್ಲಿ ಕೊರೆದ ಗ್ರೂವ್‌ನೊಳಗೆ ಕೂತಿರುತ್ತದೆ. ಉಳಿದ ಭಾಗ ಕೆಳಗಿನ ತಗಡಿನ ಮೇಲೆ ಸೆರಗು ಬಿದ್ದ ಹಾಗೆ 3–4 ಇಂಚು ಇಳಿದಿರುತ್ತದೆ. ಗೋಡೆ ಮೇಲೆ ಹರಿದು ಬಂದ ನೀರು ಮೇಲಿನ ತಗಡಿಗೆ, ಅಲ್ಲಿಂದ ಕೆಳಗಿನದ್ದಕ್ಕೆ, ಅಲ್ಲಿಂದ ಶೀಟಿಗೆ ಇಳಿಯುತ್ತದೆ.

ಈ ಎರಡನ್ನೂ ಸೇರಿಸಿ ಸ್ಕ್ರೂ ಹೊಡೆಯಬಾರದು. ಗೋಡೆ ನಿಂತಲ್ಲೇ ಇರುತ್ತದೆ, ಶೀಟು ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕೈ ಇಡಲಾಗದಷ್ಟು ಕಾದ ಶೀಟು ಸಂಜೆ ಮಳೆಗೆ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. 10 ಅಡಿಯ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಉಕ್ಕಿನ ತಗಡು ಅದರ ಅರ್ಧ. ಒಂದರ ಮೇಲೊಂದು ಜಾರಲು ಬಿಟ್ಟರೆ ಏನೂ ಆಗುವುದಿಲ್ಲ. ಬಿಗಿ ಮಾಡಿದರೆ ಸ್ಕ್ರೂ ತೂತು ಅಗಲವಾಗುತ್ತದೆ, ಸಿಲಿಕಾನ್ ಹರಿಯುತ್ತದೆ. ನಮ್ಮ ಕಡೆ ಸೋರುವ ಸಂದುಗಳಲ್ಲಿ ಹೆಚ್ಚಿನವು ಹೀಗೆ ಹಾಳಾದವು ಅಂತ ನನ್ನ ಅನಿಸಿಕೆ.

ಏಣಿ ಹತ್ತುವ ಮುಂಚೆ: ಪೆನ್ಸಿಲ್, ಟಾರ್ಚ್

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಗೋಡೆಯ ಒದ್ದೆ ಗುರುತಿನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ದಿನಾಂಕ, ಗಂಟೆ ಬರೆಯಿರಿ. ಮಳೆ ಶುರುವಾಗಿ ಎಷ್ಟು ಹೊತ್ತಿಗೆ ಹನಿ ಬಂತು? ಗಾಳಿ ಇತ್ತಾ? ಯಾವ ದಿಕ್ಕಿನದ್ದು? ಮೂರು ಮಳೆಗೆ ಹೀಗೆ ಬರೆದಿಟ್ಟರೆ ಅರ್ಧ ಉತ್ತರ ಗೋಡೆಯಲ್ಲೇ ಸಿಗುತ್ತದೆ.

ಹನಿ ಬಿದ್ದ ಜಾಗವೇ ನೀರು ಒಳಗೆ ಬಂದ ಜಾಗ ಅಂತ ತಿಳಿಯಬೇಡಿ. ನೀರು ಕಬ್ಬಿಣದ ಪೈಪಿನ ತಳ ಹಿಡಿದು ನಾಲ್ಕೈದು ಅಡಿ ಹರಿದು, ಬೆಸುಗೆಯ ಗಂಟಿಗೆ ತಾಗಿದಾಗ ತೊಟ್ಟಿಕ್ಕುತ್ತದೆ. ಮಳೆ ಬರುವಾಗ ಒಳಗಿನಿಂದ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಹರಿಯುವ ನೀರಿನ ದಾರಿ ಮಿಂಚುತ್ತದೆ. ಆ ಗೆರೆಯನ್ನು ಇಳಿಜಾರಿನ ಮೇಲ್ಗಡೆಗೆ ಹಿಂಬಾಲಿಸಿ.

ಒಂದು ಎಚ್ಚರ: ಹನಿ ಬೀಳುವಲ್ಲಿ ಬಲ್ಬ್, ಫ್ಯಾನ್, ಸ್ವಿಚ್ ಬೋರ್ಡ್ ಇದ್ದರೆ ಮೊದಲು ಆ ಕೋಣೆಯ ಎಂಸಿಬಿ (ಮೀಟರ್ ಬದಿಯ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಟಾರ್ಚ್ ಆಮೇಲೆ.

ಲಕ್ಷಣ 1: ಮಳೆ ಶುರುವಾದ ಐದು ಹತ್ತು ನಿಮಿಷಕ್ಕೇ ಹನಿ

ಗಾಳಿ ಇರಲಿ, ಬಿಡಲಿ, ಪ್ರತಿ ಮಳೆಗೂ ಹೀಗಾದರೆ ನೀರಿಗೆ ನೇರ ದಾರಿ ಇದೆ ಎಂದರ್ಥ. ಇದು ಒಳ್ಳೆಯ ಸುದ್ದಿ. ಹುಡುಕುವುದು ಸುಲಭ, ರಿಪೇರಿಯೂ ಅಗ್ಗ.

ಒಣ ದಿನ ನೋಡಿ ಹತ್ತಿ. ಮೊದಲು ಕಸ. ಶೀಟು ಗೋಡೆಗೆ ಸೇರುವ ಮೂಲೆಯಲ್ಲಿ ಎಲೆ, ತೆಂಗಿನ ಹೀಚು, ಮಣ್ಣು ತುಂಬಿ ಕಟ್ಟೆ ಕಟ್ಟಿರುತ್ತದೆ. ನೀರು ಹಿಂದೆ ನಿಂತು ತಗಡಿನ ಅಂಚು ದಾಟುತ್ತದೆ. ಕೈಗೆ ಗ್ಲೌಸ್ ಹಾಕಿ, ಕೋಲಿನಲ್ಲಿ ಕೆದಕಿ ತೆಗೆಯಿರಿ. ಕಸದಡಿ ಚೇಳು, ಕಣಜ ಇರುತ್ತವೆ. ತಗಡಿನ ಸಂದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದ್ದರೆ ಅದನ್ನೂ ತೆಗೆಯಿರಿ. ಹೆಬ್ಬೆರಳಿನಷ್ಟು ಗೂಡು ಸಾಕು, ನೀರನ್ನು ಒಳಗೆ ತಿರುಗಿಸಲು.

ಆಮೇಲೆ ಸ್ಕ್ರೂ. ತಲೆಯಡಿ ಕಪ್ಪು ರಬ್ಬರ್ ವಾಷರ್ ಇರುತ್ತದೆ. ಬಿರುಕು ಬಿಟ್ಟಿದೆಯಾ? ಡ್ರಿಲ್‌ನಲ್ಲಿ ಜಾಸ್ತಿ ಬಿಗಿ ಮಾಡಿ ರಬ್ಬರ್ ಹೊರಗೆ ಉಬ್ಬಿದೆಯಾ? ಓರೆಯಾಗಿ ಹೊಡೆದಿದ್ದಾರಾ? ಇವೆಲ್ಲ ಸೋರುತ್ತವೆ. ಅದೇ ತೂತಿಗೆ ಒಂದು ಸೈಜ್ ದಪ್ಪದ ಸ್ಕ್ರೂ, ಹೊಸ ವಾಷರ್ ಹಾಕಿದರೆ ಮುಗಿಯಿತು.

ಮೂರನೆಯದು ತಗಡಿನ ಜೋಡಣೆ. ಪಟ್ಟಿಗಳು 8 ಅಥವಾ 10 ಅಡಿ ಉದ್ದ ಬರುತ್ತವೆ. ಒಂದರ ಮೇಲೊಂದು 4 ಇಂಚಾದರೂ ಹತ್ತಿರಬೇಕು. ಇಳಿಜಾರಿನಲ್ಲಿ ಮೇಲಿನ ಪಟ್ಟಿ ಕೆಳಗಿನದ್ದರ ಮೇಲೆ ಬರಬೇಕು. ಹಂಚು ಹೊದಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಗೇಟು, ಗ್ರಿಲ್ ಮಾಡುವ ಹುಡುಗರು ಶೀಟು ಕೆಲಸಕ್ಕೆ ಬಂದಾಗ ಇದು ತಲೆಕೆಳಗಾಗಿದ್ದನ್ನು ನಾನು ಎರಡು ಮನೆಗಳಲ್ಲಿ ನೋಡಿದ್ದೇನೆ.

ಕೊನೆಗೆ ವಿಸಿಟಿಂಗ್ ಕಾರ್ಡ್ ಪರೀಕ್ಷೆ. ಗಟ್ಟಿ ಕಾರ್ಡ್ ತೆಗೆದುಕೊಂಡು ತಗಡಿನ ಮೇಲಂಚು ಗೋಡೆಗೆ ಸೇರುವಲ್ಲಿ ಉದ್ದಕ್ಕೂ ಎಳೆಯುತ್ತಾ ಹೋಗಿ. ಎಲ್ಲಾದರೂ ಕಾರ್ಡ್ ತಗಡಿನ ಹಿಂದೆ ಜಾರಿ ಇಳಿದರೆ ನೀರೂ ಇಳಿಯುತ್ತದೆ. ಒಂದೆರಡು ಕಡೆ ಮಾತ್ರ ಆದರೆ ಸೀಲಂಟ್, ಅಂದರೆ ಸಂದು ಮುಚ್ಚುವ ಸಿಲಿಕಾನಿನಂಥ ಅಂಟು, ಹೋಗಿದೆ. ಉದ್ದಕ್ಕೂ ಇಳಿದರೆ ತಗಡು ಗ್ರೂವ್‌ನಲ್ಲೇ ಇಲ್ಲ. ಲಕ್ಷಣ 4 ನೋಡಿ.

ಲಕ್ಷಣ 2: ಗಾಳಿ ಮಳೆಗೆ ಮಾತ್ರ ಸೋರುತ್ತದೆ

ಎರಚಲು ಹೊಡೆದಾಗ ಮಾತ್ರ ಹನಿ. ನೆಟ್ಟಗೆ ಬೀಳುವ ಮಳೆಗೆ ಒಂದು ತೊಟ್ಟೂ ಇಲ್ಲ. ಮಲೆನಾಡು, ಕರಾವಳಿಯಲ್ಲಿ ಪಡುವಣ, ತೆಂಕುಪಡುವಣ ಮುಖದ ಗೋಡೆಗಳಲ್ಲೇ ಇದು ಹೆಚ್ಚು, ಏಕೆಂದರೆ ಮುಂಗಾರಿನ ಗಾಳಿ ಬರುವುದೇ ಅತ್ತಲಿಂದ. ನಮ್ಮಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಆ ಬದಿಗೆ ಸೋಗೆ ತಟ್ಟಿ ಕಟ್ಟುತ್ತಿದ್ದರು. ಈಗ ತಟ್ಟಿಯೂ ಇಲ್ಲ, ಸೂರೂ ಗಿಡ್ಡ. ಪೂರ್ತಿ ಮಳೆ ಗೋಡೆ ಮೇಲೇ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಆಗುಂಬೆಯಲ್ಲಿ 7,000 ಮಿ.ಮೀ. ಆಸುಪಾಸು. ಬೆಂಗಳೂರಿನಲ್ಲಿ ನಡೆಯುವ ಅಳತೆ ತೀರ್ಥಹಳ್ಳಿಯಲ್ಲಿ ನಡೆಯುವುದಿಲ್ಲ.

ಟೇಪ್ ಹಿಡಿದು ಅಳೆಯಿರಿ. ಕೆಳಗಿನ ತಗಡು ಶೀಟಿನಿಂದ ಎಷ್ಟು ಮೇಲೆದ್ದಿದೆ? 2–3 ಇಂಚು ಇದ್ದರೆ ಗಾಳಿ ನೀರನ್ನು ಅದರ ಮೇಲಿಂದ ತಳ್ಳುತ್ತದೆ. 6 ಇಂಚು ಬೇಕು. ಮಲೆನಾಡಿನಲ್ಲಿ 8 ಇದ್ದರೆ ನೆಮ್ಮದಿ.

ಮಾಡಿನ ತಲೆಭಾಗ ಗೋಡೆಗೆ ತಾಗುವುದಾದರೆ ಶೀಟಿನ ತಗ್ಗುಗಳ ತುದಿ ನೋಡಿ. ಅಲ್ಲಿ ಶೀಟಿನ ತುದಿಯನ್ನು ಇಕ್ಕಳದಲ್ಲಿ ಮೇಲಕ್ಕೆ ಮಡಚಿರಬೇಕು. ಮಡಚದೆ ಚಪ್ಪಟೆ ಬಿಟ್ಟಿದ್ದರೆ ಎದುರು ಗಾಳಿ ನೀರನ್ನು ಇಳಿಜಾರಿನ ವಿರುದ್ಧ ಹತ್ತಿಸುತ್ತದೆ. ಶೀಟಿನ ಅಲೆಗೂ ತಗಡಿಗೂ ನಡುವೆ ಫೋಮ್ ಪಟ್ಟಿ ತುರುಕಿರುತ್ತಾರೆ. ಬಿಸಿಲಿಗೆ ಅದು ಪುಡಿಯಾಗಿರುತ್ತದೆ, ಇಲ್ಲವೇ ಅಳಿಲು ಎಳೆದುಕೊಂಡು ಹೋಗಿರುತ್ತದೆ. ಹೊಸದು ಹಾಕುವುದು ಅರ್ಧ ದಿನದ ಕೆಲಸ.

ಇಳಿಜಾರಿನ ಪಕ್ಕ ಗೋಡೆಗೆ ತಾಗುವುದಾದರೆ ತಗಡು ಶೀಟಿನ ಒಂದು ಪೂರ್ತಿ ಉಬ್ಬನ್ನು ದಾಟಿ ಆಚೆ ತಗ್ಗಿಗೆ ಇಳಿದಿರಬೇಕು. ತಗ್ಗಿನ ನಡುವೆಯೇ ನಿಂತಿದ್ದರೆ ಎಷ್ಟು ಸೀಲಂಟ್ ಹಾಕಿದರೂ ವ್ಯರ್ಥ. ಇಳಿಜಾರು ಹತ್ತಡಿಗೆ ಒಂದಡಿಗಿಂತ ಕಡಿಮೆ ಇದ್ದರಂತೂ ನೀರಿಗೆ ಅವಸರವೇ ಇರುವುದಿಲ್ಲ.

ಗಾಬರಿಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಮೇಲಿನ ತಗಡಿನ ಕೆಳ ಅಂಚಿಗೆ ಸಿಲಿಕಾನ್ ಬಳಿದು ಮುಚ್ಚುವುದು. ದಯವಿಟ್ಟು ಬೇಡ. ಹಿಂದೆ ಹೇಗೋ ಸೇರಿದ ನೀರು ಹೊರಗೆ ಬರುವ ಬಾಗಿಲು ಅದು. ಮುಚ್ಚಿದರೆ ನೀರು ಅಲ್ಲೇ ನಿಂತು ಒಳಗೇ ಇಳಿಯುತ್ತದೆ. ನಾನೂ ಎರಡನೇ ವರ್ಷ ಇದನ್ನೇ ಮಾಡಿದ್ದೆ. ಒಂದು ಬಕೆಟ್ ಇದ್ದದ್ದು ಎರಡಾಗಿದ್ದು ಆಗಲೇ.

ಲಕ್ಷಣ 3: ಮಳೆ ನಿಂತ ಮೇಲೆ ಸೋರಲು ಶುರು, ದಿನಗಟ್ಟಲೆ ಒದ್ದೆ

ಇದು ಎಲ್ಲಕ್ಕಿಂತ ಮೋಸದ ಲಕ್ಷಣ. ಮೊದಲ ಮಳೆಗಳಿಗೆ ಏನೂ ಇಲ್ಲ. ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಆದ ಮೇಲೆ ಗೋಡೆ ಬೆವರಲು ಶುರು. ಮಳೆ ಬಿಟ್ಟರೂ ಎರಡು ದಿನ ಜಿನುಗುತ್ತದೆ. ಮೇಲೆ ಹತ್ತಿ ನೋಡಿದರೆ ತಗಡು, ಸೀಲಂಟ್ ಎಲ್ಲ ಸರಿಯಾಗೇ ಇದೆ.

ನೀರು ಬರುತ್ತಿರುವುದು ತಗಡಿನ ಸಂದಿನಿಂದಲ್ಲ, ಗೋಡೆಯಿಂದ. ತಗಡಿಗಿಂತ ಮೇಲಿನ ಗೋಡೆ ಸ್ಪಂಜಿನ ಹಾಗೆ ನೀರು ಕುಡಿದು, ಒಳಗೊಳಗೇ ಇಳಿಸಿ, ತಗಡಿನ ಹಿಂದಿನಿಂದ ಹಾಯ್ದು ಕೆಳಗೆ ಬಿಡುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಇದು ಮಾಮೂಲಿ. ಒಂದು ಮುರಕಲ್ಲು ಒಡೆದು ನೋಡಿ, ತುಂಬಾ ಸಣ್ಣ ಸಣ್ಣ ಕೊಳವೆಗಳು ಕಾಣುತ್ತವೆ. ಸರಿಯಾಗಿ ಸುಡದ ಇಟ್ಟಿಗೆಯೂ ಹೀಗೇ.

ಖಚಿತಪಡಿಸಿಕೊಳ್ಳಲು ಮೂರು ಗುರುತು. ಒಂದು, ಒಳಗೋಡೆಯಲ್ಲಿ ಬಣ್ಣ ಉಬ್ಬಿ ಬಿಳಿ ಉಪ್ಪಿನ ಪುಡಿ ಬಿಟ್ಟಿರುತ್ತದೆ. ಕಲ್ಲು ಗಾರೆಯ ಮೂಲಕ ಬಂದ ನೀರು ಉಪ್ಪನ್ನು ಕರಗಿಸಿ ತಂದು, ಒಣಗಿದಾಗ ಮೇಲೆ ಬಿಟ್ಟು ಹೋಗುತ್ತದೆ. ತಗಡಿನ ತೂತಿನಿಂದ ನೇರ ಬಿದ್ದ ಹನಿಗೆ ಈ ಪುಡಿ ಇರುವುದಿಲ್ಲ. ಎರಡು, ಒದ್ದೆ ಗುರುತು ಒಂದು ಗೆರೆಯಾಗಿ ಇರದೆ ಅಗಲವಾಗಿ ಹರಡಿರುತ್ತದೆ. ಮೂರು, ನಾಣ್ಯದ ಪರೀಕ್ಷೆ. ಹತ್ತು ರೂಪಾಯಿ ನಾಣ್ಯದಿಂದ ತಗಡಿನ ಮೇಲಿನ ಪ್ಲಾಸ್ಟರನ್ನು ಅಂಗೈಯಗಲಕ್ಕೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಪ್ಲಾಸ್ಟರ್ ಟಕ್ ಟಕ್ ಅನ್ನುತ್ತದೆ. ಗೋಡೆ ಬಿಟ್ಟ ಪ್ಲಾಸ್ಟರ್ ಹಣ್ಣಾದ ಹಲಸಿನಂತೆ ಡಬ್ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಪ್ಲಾಸ್ಟರ್ ಹಿಂದೆ ನೀರಿಗೆ ಸರಾಗ ದಾರಿ ಇದೆ. ಅದರ ಮೇಲೆ ಅಂಟಿಸಿದ ತಗಡಿಗೆ ಆ ನೀರು ಸಿಗುವುದೇ ಇಲ್ಲ.

ರಿಪೇರಿ ಮೇಲಿನಿಂದ ಕೆಳಕ್ಕೆ. ಮೊದಲು ಗೋಡೆಯ ತಲೆ. ಪ್ಯಾರಾಪೆಟ್ ಮೇಲ್ಭಾಗ ಚಪ್ಪಟೆಯಿದ್ದು ಬಿರುಕು ಬಿಟ್ಟಿದ್ದರೆ ಅರ್ಧ ನೀರು ಅಲ್ಲೇ ಇಳಿಯುತ್ತಿರುತ್ತದೆ. ಅದಕ್ಕೆ ಒಂದು ಬದಿಗೆ ಇಳಿಜಾರು ಕೊಟ್ಟು, ಅಂಚು ಒಂದೆರಡು ಇಂಚು ಹೊರಗೆ ಚಾಚಿ, ಅದರ ತಳದಲ್ಲಿ ನೀರು ಕತ್ತರಿಸುವ ಸಣ್ಣ ಗೀರು ಬಿಡಬೇಕು. ಆಮೇಲೆ ಡಬ್ ಅಂದ ಪ್ಲಾಸ್ಟರ್ ಕಿತ್ತು ಹೊಸದು. ಆಮೇಲೆ ಬಿರುಕು. ಕೊನೆಗೆ ಹೊರಗೋಡೆಯ ಬಣ್ಣ. ಗೋಡೆ ಉಸಿರಾಡಲು ಬಿಡುವ ಬಣ್ಣವೋ, ನೀರು ಹಿಡಿಸದ ದ್ರಾವಣವೋ ಸಾಕು. ಒದ್ದೆ ಗೋಡೆಗೆ ದಪ್ಪ ರಬ್ಬರಿನಂಥ ಕೋಟಿಂಗ್ ಬಳಿದರೆ ಒಳಗಿನ ನೀರು ಹೊರಗೆ ಹೋಗಲಾರದೆ ಗುಳ್ಳೆ ಎಬ್ಬಿಸುತ್ತದೆ.

ಇಷ್ಟೆಲ್ಲ ಬಿಟ್ಟು ತಗಡು ಬದಲಿಸಲು ಹೋದರೆ ದುಡ್ಡು ದಂಡ.

ಯಾವುದೆಂದು ಗೊತ್ತಾಗದಿದ್ದರೆ: ನೀರು ಬಿಟ್ಟು ನೋಡುವುದು

ಮೂರು ನಾಲ್ಕು ದಿನ ಬಿಸಿಲು ಬಿದ್ದು ಎಲ್ಲ ಒಣಗಿದ ಮೇಲೆ ಮಾಡಬೇಕು. ಇಬ್ಬರು ಬೇಕು. ಒಬ್ಬರು ಮೇಲೆ ತೋಟದ ಪೈಪ್ ಹಿಡಿದು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು. ಮೊಬೈಲಿನಲ್ಲಿ ಮಾತಾಡುತ್ತಿರಿ.

ಗುಟ್ಟು ಒಂದೇ: ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬರೀ ಶೀಟಿನ ಮೇಲೆ, ಗೋಡೆಗೆ ತಾಗದಂತೆ 10 ನಿಮಿಷ ನೀರು ಬಿಡಿ. ಹನಿ ಬಂದರೆ ಶೀಟು ಅಥವಾ ಸ್ಕ್ರೂ. ಬರದಿದ್ದರೆ ಕೆಳಗಿನ ತಗಡಿನ ಮೇಲೆ 10 ನಿಮಿಷ. ಆಮೇಲೆ ಮೇಲಿನ ತಗಡು. ಆಮೇಲೆ ಗ್ರೂವ್. ಕೊನೆಗೆ ಅದರ ಮೇಲಿನ ಗೋಡೆ, ಇಲ್ಲಿ ಮಾತ್ರ ಅರ್ಧ ಗಂಟೆಯಾದರೂ ಬಿಡಿ. ಮೇಲಿನಿಂದಲೇ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು, ಎಲ್ಲಿಂದ ಬಂತೆಂದು ದೇವರಿಗೇ ಗೊತ್ತು. ಪೈಪಿನ ಬಾಯಿ ಒತ್ತಿ ಜೋರಾಗಿ ಚಿಮ್ಮಿಸಬೇಡಿ. ಅಷ್ಟು ರಭಸಕ್ಕೆ ಸರಿಯಿರುವ ಸಂದೂ ಸೋರುತ್ತದೆ.

ನಮ್ಮಲ್ಲಿ ಗ್ರೂವ್ ಇರಬೇಕಾದ ಜಾಗಕ್ಕೆ ನೀರು ಬಿಟ್ಟ ಏಳನೇ ನಿಮಿಷಕ್ಕೆ ಒಳಗಿನಿಂದ "ಬಂತು ಬಂತು" ಅಂತ ಮಗಳು ಕೂಗಿದಳು. ಆ ದಿನ ಅವಳಿಗಾದಷ್ಟು ಖುಷಿ ಯಾರಿಗೂ ಆಗಲಿಲ್ಲ.

ಲಕ್ಷಣ 4: ತಗಡು ಗೋಡೆ ಬಿಟ್ಟು ಬಂದಿದೆ, ಸಂದಿನ ಗಾರೆ ಉದುರಿದೆ

ಕಣ್ಣಿಗೇ ಕಾಣುವ ದೋಷ. ಕಾರಣ ಮಾತ್ರ ನಾಲ್ಕಾರು ಇರುತ್ತವೆ.

ಎಲ್ಲಕ್ಕಿಂತ ಸಾಮಾನ್ಯ ಕಾರಣ ನಮ್ಮ ಕಟ್ಟಿಂಗ್ ಮೆಷಿನ್. ಎಲ್ಲರ ಹತ್ತಿರ ಇರುವುದು 4 ಇಂಚಿನ ಡಿಸ್ಕ್. ಅದು ಒಳಗೆ ಹೋಗುವುದು ಹೆಚ್ಚೆಂದರೆ ಒಂದು ಇಂಚು ಚಿಲ್ಲರೆ. ಹೊರಗೋಡೆಯ ಪ್ಲಾಸ್ಟರೇ ಮುಕ್ಕಾಲು ಇಂಚು. ಲೆಕ್ಕ ಹಾಕಿ: ಇಟ್ಟಿಗೆಗೆ ತಾಗಿದ್ದು ಕಾಲು ಇಂಚು. ತಗಡು ನಿಂತಿರುವುದು ಪ್ಲಾಸ್ಟರಿನಲ್ಲಿ. ಪ್ಲಾಸ್ಟರ್ ಬಿಟ್ಟರೆ ತಗಡೂ ಬಿಟ್ಟಿತು. ಗ್ರೂವ್ ಇಟ್ಟಿಗೆಯ ಗಾರೆ ಸಂದಿನೊಳಗೆ ಒಂದು ಇಂಚಾದರೂ ಹೋಗಿರಬೇಕು. ಮೊಳೆ ಅಥವಾ ಉಕ್ಕಿನ ಸ್ಕೇಲ್ ತುರುಕಿ ಆಳ ನೋಡಿ.

ಎರಡನೆಯದು, ಗ್ರೂವ್‌ಗೆ ಬರೀ ಸಿಮೆಂಟ್ ಮೆತ್ತಿರುವುದು. ಸಿಮೆಂಟ್ ಬಾಗುವುದಿಲ್ಲ, ತಗಡು ಸುಮ್ಮನಿರುವುದಿಲ್ಲ. ಎರಡು ಬೇಸಿಗೆಗೆ ಕೂದಲೆಳೆ ಬಿರುಕು, ಮೂರನೆಯದಕ್ಕೆ ತುಂಡು ತುಂಡು.

ಮೂರನೆಯದು, ಬೆಣೆ ಇಲ್ಲದಿರುವುದು. ತಗಡನ್ನು ಗ್ರೂವ್‌ನಲ್ಲಿ ಹಿಡಿದಿಡುವ ಕೆಲಸ ಸೀಲಂಟಿನದ್ದಲ್ಲ. ಅದೇ ತಗಡಿನ ತುಂಡನ್ನು ಮಡಚಿ ಒಂದೂವರೆ ಅಡಿಗೊಂದರಂತೆ ಬೆಣೆ ಹೊಡೆದಿರಬೇಕು.

ಸ್ವಲ್ಪ ದೂರ ಮಾತ್ರ ಬಿಟ್ಟಿದ್ದರೆ ಹಳೆಯದನ್ನು ಕೆರೆದು, ಬೆಣೆ ಹೊಡೆದು, ಹೊಸ ಸೀಲಂಟ್ ಹಾಕಿ. ಉದ್ದಕ್ಕೂ ಬಿಟ್ಟಿದ್ದರೆ ಕಿತ್ತು ಹೊಸದಾಗಿ ಕೂರಿಸಿ.

ಲಕ್ಷಣ 5: ತಗಡಿನಲ್ಲೇ ತುಕ್ಕು, ಬಿಳಿ ಪುಡಿ, ಸೂಜಿ ತೂತು

ಸ್ಕ್ರೂ ಸುತ್ತ, ಕತ್ತರಿಸಿದ ಅಂಚಿನಲ್ಲಿ ಕೆಂಪು ತುಕ್ಕು ಇದ್ದರೆ ಅದು ಬರೀ ವಯಸ್ಸು, ಅಥವಾ ಕತ್ತರಿಸುವಾಗ ಹಾರಿದ ಕಬ್ಬಿಣದ ಕಿಡಿ ಒರೆಸದೇ ಬಿಟ್ಟದ್ದು. ಸಮುದ್ರದ ಹತ್ತಿರ ಇದು ಬೇಗ.

ಗೋಡೆಗೆ ತಾಗಿದ ಭಾಗದಲ್ಲೇ ಬಿಳಿ ಪುಡಿ, ಸೂಜಿ ಮೊನೆಯಷ್ಟು ತೂತು ಇದ್ದರೆ ಕಾರಣ ಸಿಮೆಂಟ್. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಮತ್ತು ಸತುವನ್ನು ತಿನ್ನುತ್ತದೆ. ಇಂದಿನ ಹೆಚ್ಚಿನ ಬಣ್ಣದ ಶೀಟುಗಳ ಉಕ್ಕಿನ ಮೇಲೆ ಇರುವುದೂ ಈ ಎರಡರ ಲೇಪವೇ. ಟೇಪನ್ನೋ ಬಣ್ಣವನ್ನೋ ಹಚ್ಚದೆ ಗಾರೆಯೊಳಗೆ ಹುಗಿದರೆ ಒಳಗೊಳಗೇ ಸವೆಯುತ್ತದೆ.

ಸಿಲಿಕಾನ್ ಎಳೆದ ಗೆರೆಯ ಉದ್ದಕ್ಕೂ ಸವೆದಿದ್ದರೆ ಆ ಸಿಲಿಕಾನೇ ಕಾರಣ ಇರಬಹುದು. ಹಚ್ಚುವಾಗ ವಿನಿಗರ್ ವಾಸನೆ ಬರುವಂಥದ್ದು ಗಾಜಿಗೆ ಸರಿ. ಸತುವಿನ ತಗಡಿಗೂ ಸಿಮೆಂಟಿಗೂ ಅದು ಆಗುವುದಿಲ್ಲ. ತಗಡಿಗೆ ನ್ಯೂಟ್ರಲ್ ಸಿಲಿಕಾನ್ ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ಕೇಳಿ. ಪಿಯು ಮೇಲೆ ಬಣ್ಣವೂ ನಿಲ್ಲುತ್ತದೆ.

ಇನ್ನೊಂದು, ತಾಮ್ರ. ಎಸಿಯ ತಾಮ್ರದ ಪೈಪೋ ಮಿಂಚುನಿರೋಧಕದ ಪಟ್ಟಿಯೋ ಮೇಲಿದ್ದು ಅದರ ನೀರು ಈ ತಗಡಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಅಲ್ಲೇ ತೂತು ಬೀಳುತ್ತದೆ. ತಗಡು ಬದಲಿಸುವ ಮುಂಚೆ ನೀರಿನ ದಾರಿ ಬದಲಿಸಿ.

ಲಕ್ಷಣ 6: ಕೆಳ ತುದಿಯ ಮೂಲೆಯಲ್ಲಿ ಮಾತ್ರ ಒದ್ದೆ

ಇಳಿಜಾರಿನ ಪಕ್ಕದಲ್ಲಿ ಗೋಡೆ ಇದ್ದು, ಶೀಟು ಮುಗಿದ ಮೇಲೂ ಗೋಡೆ ಮುಂದುವರಿದಿದ್ದರೆ ನೋಡಿ. ಉದ್ದಕ್ಕೂ ಇಳಿದು ಬಂದ ನೀರೆಲ್ಲ ಆ ತುದಿಯಲ್ಲಿ ದಂಬೆಗೆ (ಮಾಡಿನ ಅಂಚಿನ ನೀರಿನ ಕಾಲುವೆಗೆ) ಬೀಳದೆ ಗೋಡೆ ಮೇಲೆ ಹರಿಯುತ್ತದೆ. ಪಾಚಿಯ ಹಸಿರು ಗೆರೆಯೇ ಸಾಕ್ಷಿ. ತುದಿಯಲ್ಲಿ ನೀರನ್ನು ಹೊರಕ್ಕೆ ತಿರುಗಿಸುವ ಕಿವಿಯಂಥ ಒಂದು ಚಿಕ್ಕ ತಗಡು ಬೇಕು. ಅಂಗೈಯಗಲದ್ದು ಸಾಕು. ಅಗ್ಗದ ಕೆಲಸ, ಆದರೆ ಹೇಳದೆ ಯಾರೂ ಮಾಡುವುದಿಲ್ಲ.

ಲಕ್ಷಣ 7: ಮಳೆಯೇ ಇಲ್ಲ, ಆದರೂ ಒದ್ದೆ

ಮೇಲೆ ನೀರಿನ ಟ್ಯಾಂಕ್ ಇದೆಯಾ? ಗೋಡೆಯೊಳಗೆ ಪೈಪ್ ಇದೆಯಾ? ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ ಬೆಳಿಗ್ಗೆ ನೋಡಿ. ಚಳಿಗಾಲದ ಬೆಳಗ್ಗೆ ಮಾತ್ರ ಶೀಟಿನ ಅಡಿಯಿಂದ ಹನಿ ಬಿದ್ದರೆ ಅದು ಒಳಗಿನ ಆವಿ. ಬಚ್ಚಲು, ಅಡುಗೆಮನೆ ಮೇಲೆ ಶೀಟಿದ್ದರೆ ಹೀಗಾಗುತ್ತದೆ. ಗಾಳಿ ಆಡಲು ಜಾಗ ಬಿಡಿ.

ಹೊಸದಾಗಿ ಕೂರಿಸುವುದಾದರೆ

ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿಸಿ. ಒದ್ದೆ ಗೋಡೆಗೆ ಯಾವ ಸೀಲಂಟೂ ಹಿಡಿಯುವುದಿಲ್ಲ. ಮಳೆಗಾಲದ ನಡುವೆ ಸಿಕ್ಕಿಕೊಂಡಿದ್ದರೆ ಗೋಡೆಯ ಮೇಲಿನಿಂದ ಶೀಟಿನ ಮೇಲಕ್ಕೆ ಟಾರ್ಪಾಲ್ ಇಳಿಬಿಟ್ಟು ಭಾರ ಇಟ್ಟು, ಸೆಪ್ಟೆಂಬರ್ ದಾಟಿಸಿ. ಟಾರ್ ಟೇಪಿಗಿಂತ ಅದೇ ವಾಸಿ.

ಮೊದಲು ಬಣ್ಣದ ದಾರ ಹೊಡೆದು ಗೆರೆ ಹಾಕಿ, ಆ ಗೆರೆಯಲ್ಲಿ ಎರಡು ಇಂಚು ಅಗಲಕ್ಕೆ ಪ್ಲಾಸ್ಟರ್ ಕಿತ್ತು ಇಟ್ಟಿಗೆ ಕಾಣುವಂತೆ ಮಾಡಿ. ಆಗ 4 ಇಂಚಿನ ಡಿಸ್ಕೂ ಸಾಕಾಗುತ್ತದೆ. ಇಟ್ಟಿಗೆ ಗೋಡೆಯಾದರೆ ಗಾರೆ ಸಂದಿನಲ್ಲೇ ಕೊರೆಯಿರಿ. ಮುರಕಲ್ಲಿಗೆ ಕಲ್ಲಿನಲ್ಲೇ ಕೊರೆದರೂ ನಡೆಯುತ್ತದೆ. ಅಗಲ 8–10 ಮಿ.ಮೀ., ಆಳ ಒಂದರಿಂದ ಒಂದೂವರೆ ಇಂಚು. ಬ್ರಷ್‌ನಲ್ಲಿ, ಗಾಳಿಯಲ್ಲಿ ಧೂಳನ್ನು ಪೂರ್ತಿ ತೆಗೆಸಿ. ಸೀಲಂಟ್ ಧೂಳಿಗೆ ಹಿಡಿದರೆ ಗೋಡೆಗೆ ಹಿಡಿಯಲಿಲ್ಲ ಎಂದೇ ಲೆಕ್ಕ.

ತಗಡಿನ ಮೇಲಂಚನ್ನು ಗ್ರೂವ್‌ನ ತಳದಲ್ಲಿ ಸಣ್ಣದಾಗಿ ಮೇಲಕ್ಕೆ ಮಡಚಬೇಕು, ಮೀನಿನ ಗಾಳದ ಕೊಕ್ಕೆಯ ಹಾಗೆ. ಗೋಡೆಯಿಂದ ಹೊರಬರುವಾಗ ಸ್ವಲ್ಪ ಕೆಳಮುಖ. ಕೆಳ ಅಂಚು ಅರ್ಧ ಇಂಚು ಒಳಮಡಿಕೆ, ತುದಿ ಕೊಂಚ ಹೊರಕ್ಕೆ. ಬೆಣೆ ಹೊಡೆದ ಮೇಲೆ ಫೋಮ್ ದಾರ ತುರುಕಿ ಅದರ ಮೇಲೆ ಪಿಯು ಸೀಲಂಟ್. ಫೋಮ್ ದಾರ ಇಲ್ಲದಿದ್ದರೆ ಸೀಲಂಟ್ ಮೂರೂ ಬದಿಗೆ ಅಂಟಿ, ತಗಡು ಹಿಗ್ಗಿದಾಗ ನಡುವೆ ಹರಿಯುತ್ತದೆ. ಸೀಲಂಟ್ ಒಣಗಿದ ಮೇಲೆ ಅದರ ಮೇಲಿನವರೆಗೆ ಮಾತ್ರ ಪ್ಲಾಸ್ಟರ್ ಮುಚ್ಚಿ.

ಕಾಂಕ್ರೀಟ್ ಕಂಬ, ತೊಲೆ ಅಡ್ಡ ಬಂದರೆ ಗ್ರೂವ್ ಬೇಡವೇ ಬೇಡ. ಒಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ಮಾಡಿಗಿಂತ ದೊಡ್ಡ ತಲೆನೋವು. 4 ಇಂಚಿನ ಗೋಡೆ, ಟೊಳ್ಳು ಬ್ಲಾಕಿನ ಗೋಡೆಗೂ ಅಷ್ಟೇ. ಅಲ್ಲಿ ತಗಡಿನ ಮೇಲಂಚಿಗೆ ಗಟ್ಟಿ ಅಲ್ಯೂಮಿನಿಯಂ ಪಟ್ಟಿ ಒತ್ತಿ, ಅಡಿಗೊಂದರಂತೆ ಆಂಕರ್ ಹೊಡೆದು, ಮೇಲೆ ಸೀಲಂಟ್ ಎಳೆಯುತ್ತಾರೆ. ಆ ಸೀಲಂಟನ್ನು ವರ್ಷಕ್ಕೊಮ್ಮೆ ನೋಡುತ್ತಿರಬೇಕು.

ಎಲ್ಲಿ ನಿಲ್ಲಿಸಬೇಕು

ಕಂಬದಿಂದ ಬರುವ ಕರೆಂಟ್ ತಂತಿ ಶೀಟಿಗೆ ತಾಗುವಷ್ಟು ಹತ್ತಿರ ಇದ್ದರೆ ಏಣಿಯನ್ನೇ ಇಡಬೇಡಿ. 1912ಕ್ಕೆ ಫೋನ್ ಮಾಡಿ ಲೈನ್ ಸರಿಮಾಡಿಸಿ, ಆಮೇಲೆ ಹತ್ತಿ. ಶೀಟು ಮುಟ್ಟಿದಾಗ ಜುಂ ಅಂದರೂ ಇದೇ ಮಾತು.

ಹಳೇ ಸಿಮೆಂಟ್ ಶೀಟಾದರೆ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ಮೇಲೆ ಕಾಲಿಟ್ಟರೆ ಮುರಿದು ಕೆಳಗೆ ಬೀಳುತ್ತೀರಿ. ಕೊರೆದರೆ, ಕತ್ತರಿಸಿದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಅದನ್ನು ಮುಟ್ಟದೆ, ಬಲ್ಲವರಿಗೆ ಬಿಡಿ. ತಗಡಿನ ಶೀಟಿನಲ್ಲೂ ಸ್ಕ್ರೂ ಸಾಲಿನ ಮೇಲೆ, ಅಂದರೆ ಕೆಳಗೆ ಪೈಪ್ ಇರುವಲ್ಲಿ ಮಾತ್ರ ಕಾಲಿಡಿ. ಪಾಚಿ ಕಟ್ಟಿದ್ದರೆ ಮಳೆಯ ದಿನ ಹತ್ತಲೇಬೇಡಿ. ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ಹೊರಗೆ ನಿಲ್ಲಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು. ಗ್ರೂವ್ ಕೊರೆಯುವವರಿಗೆ ಕನ್ನಡಕ, ಒಳ್ಳೆಯ ಮಾಸ್ಕ್ ಕೊಡಿ. ಟವೆಲ್ ಸುತ್ತಿಕೊಂಡರೆ ಆ ಧೂಳು ನಿಲ್ಲುವುದಿಲ್ಲ.

ಗೋಡೆ ಹೊಟ್ಟೆ ಬಂದಿದ್ದರೆ, ಬಿರುಕಿನಲ್ಲಿ ನಾಣ್ಯ ಹೋಗುವಷ್ಟು ಸಂದಿದ್ದರೆ, ಕಂಬ ತೊಲೆಯ ಕಾಂಕ್ರೀಟ್ ಸಿಡಿದು ಕಂಬಿ ಕಾಣುತ್ತಿದ್ದರೆ ಮೊದಲು ಎಂಜಿನಿಯರ್. ಪಕ್ಕದ ಮನೆಯವರ ಗೋಡೆಗೆ ನಿಮ್ಮ ಶೀಟು ತಾಗಿದ್ದರೆ ಕೇಳದೆ ಗ್ರೂವ್ ಕೊರೆಯಬೇಡಿ. ಎರಡೂ ಕಟ್ಟಡ ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ನಿಮ್ಮ ಕಡೆ ಸ್ವಂತ ದಂಬೆ ಹಾಕಿಸಿ ಒಂದು ಗೇಣು ಹಿಂದೆ ಸರಿಯುವುದು ಹಲವು ಸಲ ಅಗ್ಗವಾಗುತ್ತದೆ, ಮಾತುಕತೆಯೂ ಕೆಡುವುದಿಲ್ಲ.

ಕೆಲಸ ಆದ ಮೇಲೆ

ಮೇಸ್ತ್ರಿಗೆ ಬಾಕಿ ದುಡ್ಡು ಕೊಡುವ ಮುಂಚೆ ಮತ್ತೊಮ್ಮೆ ಪೈಪಿನ ಪರೀಕ್ಷೆ ಮಾಡಿ, ಅವರೂ ನಿಂತಿರಲಿ. ಮೊದಲ ಗಾಳಿ ಮಳೆಗೆ ಟಾರ್ಚ್ ಹಿಡಿದು ನೋಡಿ. ಗೋಡೆಯ ಹಳೇ ಒದ್ದೆ ಒಂದೇ ವಾರಕ್ಕೆ ಹೋಗುವುದಿಲ್ಲ. ದಪ್ಪ ಮುರಕಲ್ಲಿನ ಗೋಡೆ ಒಣಗಲು ತಿಂಗಳುಗಳೇ ಬೇಕು. ಒದ್ದೆ ಪೆನ್ಸಿಲ್ ಗೆರೆ ದಾಟದೆ ಒಳಗೊಳಗೆ ಕುಗ್ಗುತ್ತಿದ್ದರೆ ಸರಿಯಾಗಿದೆ ಎಂದರ್ಥ. ಉಪ್ಪಿನ ಪುಡಿಯನ್ನು ಒಣ ಬ್ರಷ್‌ನಲ್ಲಿ ಉದುರಿಸುತ್ತಿರಿ, ನೀರು ಹಾಕಿ ತೊಳೆಯಬೇಡಿ. ಒಳಗಿನ ಬಣ್ಣ ದೀಪಾವಳಿಗೆ ಬೇಡ, ಬೇಸಿಗೆಗೆ ಇರಲಿ. ನಮ್ಮ ಗೋಡೆಯಲ್ಲಿ ಜೂನ್ 24, ಸಂಜೆ 6:10 ಅಂತ ಮಗಳು ಬರೆದ ಗೆರೆ ಇನ್ನೂ ಇದೆ.